ಮೂರು ನಿಮಿಷದ ಗಂಟೆ

ಮಾರ್ಚ್ 9, ಭಾನುವಾರ

ಮುಂದಿನ ಶತಮಾನದ ಸಂಶೋಧಕರ ಅವಗಾಹನೆಗೆ: ಈ ದಿನಚರಿಯ ಕರ್ತೃವಿನ ಹೆಸರು ತರುಣ. ವಯಸ್ಸು ಇಪ್ಪತ್ತೆರಡು. ಇತಿಹಾಸದಲ್ಲಿ ಎಂ.ಎ., ಎರಡನೇ ವರ್ಷ. ಅಪ್ಪ-ಅವ್ವ ರಾಯಚೂರಿನಲ್ಲಿ, ತಾನು ಗಡಿಯಾಚೆ, ತೆಲುಗರ ರಾಜಧಾನಿಯ ತಾರ್ನಾಕದಲ್ಲಿ, ನಿವೃತ್ತ ನರ್ಸಮ್ಮನಾದ ಅಜ್ಜಿಯ ಆಳ್ವಿಕೆಯಲ್ಲಿ. ಅಜ್ಜಿಯ ಹೆಸರು ಶಿವದೇವಿ. ಕ್ರೈಸ್ತಳಾದ ಮೇಲೆ ಹೆಸರು ಬದಲಿಸಿಕೊಳ್ಳಮ್ಮಾ ಎಂದು ಹಿಂದೊಬ್ಬ ಪಾದ್ರಿ ಹೇಳಿದಾಗ, ಯೇಸು ಕರೆದಾಗ ಈ ಹೆಸರಿಗೇ ಓಗೊಟ್ಟಿದ್ದೆ, ಈಗ ಬದಲಿಸಿದರೆ ಅವನಿಗೇ ಗೊಂದಲ ಅಂದಳಂತೆ.

ನಮ್ಮ ಕನ್ನಡ ಸಭೆಯ ಆರಾಧನೆ ಬೆಳಿಗ್ಗೆ ಏಳಕ್ಕೆ. ಒಂಬತ್ತಕ್ಕೆ ಚರ್ಚನ್ನು ತೆಲುಗು ಸಭೆಗೆ ಬಿಟ್ಟುಕೊಡಬೇಕು. ನಾವು ಅರವತ್ತು ಜನ, ಅವರು ನಾನೂರು. ಹೀಗಾಗಿ ದೇವರು ತಮಗೆ ಮಾಡಿದ್ದನ್ನು ಎದ್ದು ನಿಂತು ಸಾಕ್ಷಿ ಹೇಳುವವರಿಗೆ ತಲಾ ಮೂರೇ ನಿಮಿಷ. ಇದನ್ನು ಜಾರಿಗೊಳಿಸುವವರು ಕಾರ್ಯದರ್ಶಿ ಅಮರೇಶಪ್ಪನವರು. ಕುಷಾಯಿಗೂಡದ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತವರು. ಮೊದಲ ಬೆಂಚಿನಲ್ಲಿ ಹಿತ್ತಾಳೆಯ ಕೈಗಂಟೆ ಹಿಡಿದು, ಇನ್ನೊಂದು ಕೈಯ ವಾಚು ನೋಡುತ್ತ ಕೂರುತ್ತಾರೆ. ಇವತ್ತು ರೇಣುಕಾ ಆಂಟಿ ಎದ್ದು ತಮ್ಮ ಯಜಮಾನರ ಆಪರೇಷನ್ನಿನ ಕಥೆ ಹೇಳುತ್ತಿದ್ದರು. "ಡಾಕ್ಟರು ಹೊಟ್ಟಿ ಕೊಯ್ದು ಒಳಗ ನೋಡಿದರ..." ಟಿಣ್. ಒಳಗೆ ಏನಿತ್ತೆಂದು ಸಭೆಗೆ ಇನ್ನೂ ತಿಳಿದಿಲ್ಲ.

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸಕಾಲ, ಶುರುವಾಗಿದೆ. ಪಾಸ್ಟರಮ್ಮನ ಪ್ರಸಂಗ ಸೆರೆಮನೆಯ ಮೇಲೆ. (ಪಾಸ್ಟರಮ್ಮ ಅಂದರೆ ಪಾದ್ರಿಯ ಹೆಂಡತಿ ಅಂತ ಊರಿಗೆಲ್ಲ ರೂಢಿ. ನಮ್ಮಲ್ಲಿ ನಳಿನಿಯವರೇ ಪಾದ್ರಿ, ಉಡುಪಿ ಕಡೆಯವರು. ಅವರ ಯಜಮಾನರನ್ನು ಏನೆಂದು ಕರೆಯಬೇಕೋ ಐದು ವರ್ಷವಾದರೂ ಸಭೆ ತೀರ್ಮಾನಿಸಿಲ್ಲ.) ಯೇಸು ಸೆರೆಯವರಿಗೆ ಬಿಡುಗಡೆ ಸಾರಲು ಬಂದೆ ಅಂದ, ಬಿಸ್ಕೀಟು ಹಂಚಲು ಬಂದೆ ಅನ್ನಲಿಲ್ಲ, ಅಂದರು. ಪ್ರತಿ ಕ್ರಿಸ್ಮಸ್ಸಿಗೆ ಜೈಲಿಗೆ ಹೋಗಿ ಬಿಸ್ಕೀಟು ಹಂಚುವ ಸ್ತ್ರೀಸಮಾಜದ ಬೆಂಚುಗಳಲ್ಲಿ ಭಾರಿ ಮೌನ. ಹಿಂಬಾಗಿಲಲ್ಲಿ ನಿಂತಿದ್ದ ವಿಠಲ ಕಾಕಾ ನೆಲ ನೋಡುತ್ತಿದ್ದ. ಅವನು ನಮ್ಮ ಚರ್ಚಿನ ಕಾವಲುಗಾರ. ಒಂದು ಕೊಲೆಗಾಗಿ ಒಂಬತ್ತು ವರ್ಷ ಚೆರ್ಲಪಲ್ಲಿ ಜೈಲಿನಲ್ಲಿದ್ದು, ಎರಡು ವರ್ಷದ ಹಿಂದೆ ಹೊರಬಂದವನು. ಪಾಸ್ಟರಮ್ಮನೇ ಕರೆತಂದು ಕಾಂಪೌಂಡಿನ ಮೂಲೆಯ ಕೋಣೆ ಕೊಟ್ಟಿದ್ದಾರೆ.

ಬಿಡುಗಡೆ ಯಾರಿಗೆ ತುರ್ತಾಗಿ ಬೇಕು ಎಂಬುದು ನನಗಂತೂ ಸ್ಪಷ್ಟವಾಯಿತು. ರೇಣುಕಾ ಆಂಟಿಗೆ.

ಸಹಿ: ತರುಣ, ಆಸ್ಥಾನ ಇತಿಹಾಸಕಾರ.

ಮಾರ್ಚ್ 16, ಭಾನುವಾರ

ಕಾರ್ಯಾಚರಣೆ ಯಶಸ್ವಿ. ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಗದ್ದಲದಲ್ಲಿ ಗಂಟೆಯನ್ನು ಕರ್ಚೀಫಿನಲ್ಲಿ ಸುತ್ತಿ, ನಾಲಿಗೆ ಅಲುಗದಂತೆ ಹಿಡಿದು, ಹಳೆಯ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಇಳಿಸಿದೆ. ಕೀಬೋರ್ಡ್ ಬಂದ ಮೇಲೆ ಆ ಪೆಟ್ಟಿಗೆಯ ಮುಚ್ಚಳ ಎತ್ತಿದವರಿಲ್ಲ. ಗಂಟೆ ಚರ್ಚಿನಿಂದ ಒಂದು ಹೆಜ್ಜೆಯೂ ಆಚೆ ಹೋಗಿಲ್ಲ. ಆದ್ದರಿಂದ ಇದು ಕಳವಲ್ಲ, ಗೃಹಬಂಧನ.

ಬರುವ ಭಾನುವಾರ ಅಮರೇಶಪ್ಪನವರ ಬೆಂಚಿನಲ್ಲಿ ಸಿಗಬೇಕಾದ ಪತ್ರ ಇಲ್ಲಿದೆ. ಒಂದು ವಾರ ಅವರು ತಳಮಳಿಸಲಿ ಎಂದು ತಡೆದಿಟ್ಟಿದ್ದೇನೆ.

"ಮಾನ್ಯ ಕಾರ್ಯದರ್ಶಿಗಳೇ, ಹಿತ್ತಾಳೆ ಗಂಟೆಯ ವಂದನೆಗಳು. ಹನ್ನೊಂದು ವರ್ಷ ಪರರ ಮಾತು ಕತ್ತರಿಸಿ ನನ್ನ ನಾಲಿಗೆ ಸವೆದಿದೆ. ಮನಸ್ಸಾಕ್ಷಿ ಚುಚ್ಚಿದ್ದರಿಂದ ಅರಣ್ಯಕ್ಕೆ ಹೋಗಿ ಉಪವಾಸವಿರಲು ನಿಶ್ಚಯಿಸಿದ್ದೇನೆ. ರೇಣುಕಮ್ಮನವರಿಗೆ ಮಾತು ಮುಗಿಸಲು ಬಿಟ್ಟರೆ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಹಿಂತಿರುಗುವೆನು. ಹುಡುಕಬೇಡಿರಿ. ಯಾರ ಮೇಲೂ ಅನುಮಾನ ಪಡಬೇಡಿರಿ. ಇತಿ, ಪಶ್ಚಾತ್ತಾಪಪಟ್ಟ ಗಂಟೆ."

'ಪಡಬೇಡಿರಿ' ಎಂಬಲ್ಲಿ ಹಳೆಯ ಪ್ರಾರ್ಥನಾಪುಸ್ತಕದ ಗಾಂಭೀರ್ಯ ಬಂದಿದೆ. ನನಗೇ ಮೆಚ್ಚುಗೆಯಾಯಿತು.

ಸಹಿ: ತರುಣ, ಗಂಟೆಯ ಖಾಸಗಿ ಕಾರ್ಯದರ್ಶಿ.

ಮಾರ್ಚ್ 19, ಬುಧವಾರ

ಸಂಜೆಯ ವೇದಾಭ್ಯಾಸ, ಅಂದರೆ ಬೈಬಲ್ ಪಾಠ. ಅಮರೇಶಪ್ಪನವರ ಕೈ ಅಭ್ಯಾಸಬಲದಿಂದ ಬೆಂಚಿನ ಮೇಲೆ ತಡಕಾಡಿತು, ಸಿಗಲಿಲ್ಲ, ಬರಿಗಾಳಿಯನ್ನೇ ಒಂದು ಸಲ ಅಲ್ಲಾಡಿಸಿತು. ನಾನು ಕೆಮ್ಮಿದಂತೆ ಮಾಡಿ ಆಚೆ ಹೋಗಿ ನಕ್ಕು ಬಂದೆ. ಅಷ್ಟರಲ್ಲಿ ಗಂಟೆ ಎಲ್ಲಿ, ಯಾರು ಒಳಗೆ ಬಂದಿದ್ದರು, ಬೀಗ ಯಾರ ಹತ್ತಿರ ಇರುತ್ತದೆ ಎಂಬ ವಿಚಾರಣೆ ನಡೆದಿತ್ತು.

ಗಂಟೆಯಿಲ್ಲದ ಕಾರಣ ಪಾಸ್ಟರಮ್ಮ ನಲವತ್ತು ನಿಮಿಷ ಮಾತಾಡಿದರು. ದೇವರ ಜನ ಸೆರೆಮನೆಗೆ ಹೋದದ್ದು ವೇದದ ಉದ್ದಕ್ಕೂ ಇದೆ, ಅವರೇ ಸೆರೆಮನೆ ಕಟ್ಟಿಸಿದ್ದು ಎಲ್ಲಿದೆ ತೋರಿಸಿ ಅಂದರು. ಕೈದಿಗಳನ್ನು ನೋಡಿಬರುವುದು ಸಾಲದು, ಜೈಲೇ ಇಲ್ಲದ ದಿನಕ್ಕೆ ನಾವು ಪ್ರಾರ್ಥಿಸಬೇಕು ಅಂದರು. ಅಮರೇಶಪ್ಪನವರಿಗೆ ತಡೆಯಲಾಗಲಿಲ್ಲ.

"ಹಂಗಾರ ಕೊಲಿ ಮಾಡಿದವನ್ನ ಏನ್ ಮಾಡಬೇಕ್ರಿ ಪಾಸ್ಟರಮ್ಮ? ಊಟಕ್ಕ ಕರೀಬೇಕೇನ್ರಿ?"

"ತಪ್ಪು ಮಾಡಿದವನು ತನ್ನ ತಪ್ಪಿನ ಎದುರು ಕೂರಬೇಕು, ಅಮರೇಶಪ್ಪನವರೇ. ನಾವು ಅವನನ್ನು ಗೋಡೆಯ ಎದುರು ಕೂರಿಸುತ್ತೇವೆ."

"ಸತ್ತವನ ತಾಯಿ ಬಂದು ಕೇಳಿದರ ಇದನ್ನ ಹೇಳ್ತೀರೇನು?"

ಹೇಳುವ ಧೈರ್ಯ ನನಗಿಲ್ಲ, ಅಂದರು ಪಾಸ್ಟರಮ್ಮ. ಅದೇ ಹೊತ್ತಿಗೆ ವಿಠಲ ಕಾಕಾ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಒಮ್ಮೆಲೇ ಬಿಸ್ಕೀಟಿನ ಬಗ್ಗೆ ಮಾತಾಡತೊಡಗಿದರು. ಅವನು ತಾಟನ್ನು ಕಿಟಕಿಯಲ್ಲಿಟ್ಟು ಹೋದ. ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು.

ಸಹಿ: ತರುಣ, ಮೌನ ವೀಕ್ಷಕ (ಕೆಮ್ಮು ಹೊರತುಪಡಿಸಿ).

ಮಾರ್ಚ್ 23, ಭಾನುವಾರ

ಪತ್ರ ಜೇಬಿನಲ್ಲೇ ಇದೆ.

ನಿನ್ನೆ ಮಧ್ಯಾಹ್ನ ಪೊಲೀಸರು ವಿಠಲ ಕಾಕಾನನ್ನು ಕರೆದೊಯ್ದರು. ನಮಗೆ ತಿಳಿದದ್ದು ಬೆಳಿಗ್ಗೆ ಚರ್ಚಿನಲ್ಲಿ. ಅಮರೇಶಪ್ಪನವರು ಠಾಣೆಗೆ ಹೋಗಿ, ಗಂಟೆ ಕಾಣುತ್ತಿಲ್ಲ, ಸುಮ್ಮನೆ ಒಂದು ಸಲ ವಿಚಾರಿಸಿ ಅಂದರಂತೆ. ಕೊಟ್ಟದ್ದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು. ಕಾವಲುಗಾರನ ಹಿಂದಿನ ಕೇಸು ಕಂಪ್ಯೂಟರಿನಲ್ಲಿ ಸಿಕ್ಕಿತು. ಕೋಣೆಯ ಚಿಲಕ ಒಡೆದು ನೋಡಿದರೆ ಮಂಚದ ಕೆಳಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ, ಆಲ್ಟರಿನ ಎರಡು ಹಿತ್ತಾಳೆ ದೀಪಸ್ತಂಭಗಳು. ತೊಳೆಯಲು ತಂದಿದ್ದೆ ಅಂದನಂತೆ. ಯಾರು ನಂಬುತ್ತಾರೆ. ಈಸ್ಟರಿಗೆ ಮುಂಚೆ ಹಿತ್ತಾಳೆ ತೊಳೆಯುವುದು ಮೂವತ್ತು ವರ್ಷದಿಂದ ನಮ್ಮ ಅಜ್ಜಿಯ ಕೆಲಸ. ಅದನ್ನು ಇನ್ನೊಬ್ಬರು ಮುಟ್ಟಿದರೆ ಅವಳು ಮೂರು ದಿನ ಮಾತು ಬಿಡುತ್ತಾಳೆ. ಇದು ಸಭೆಗೆಲ್ಲ ಗೊತ್ತು.

ಪರಿಸ್ಥಿತಿಯನ್ನು ಇತಿಹಾಸಕಾರನ ನಿಷ್ಪಕ್ಷಪಾತದಿಂದ ಅವಲೋಕಿಸಲಾಗಿ: ಗಂಟೆ ನನ್ನದು, ಸ್ತಂಭಗಳು ಅವನವು. ನಾನು ಬಾಯಿಬಿಟ್ಟರೂ ಅವನು ಸ್ತಂಭಗಳ ಲೆಕ್ಕದಲ್ಲಿ ಒಳಗೇ ಇರುತ್ತಾನೆ. ಅಂದಮೇಲೆ ಬಾಯಿಬಿಟ್ಟು ಉಪಯೋಗವಿಲ್ಲ.

ಅಜ್ಜಿ ಮಧ್ಯಾಹ್ನ ಊಟ ಮಾಡಲಿಲ್ಲ. ಬಿಸಿಲಿಗೆ ತಲೆನೋವಂತೆ.

ಮಾರ್ಚ್ 24, ಸೋಮವಾರ

ಹದಿನಾಲ್ಕು ದಿನ ರಿಮಾಂಡ್. ಚೆರ್ಲಪಲ್ಲಿ.

ಮಾರ್ಚ್ 27, ಗುರುವಾರ

ಪಾಸ್ಟರಮ್ಮ ಜೈಲಿಗೆ, ವಿಠಲ ಕಾಕಾನ ಮುಲಾಕಾತಿಗೆ ಹೋಗಿದ್ದರು. ಅಲ್ಲಿಂದ ನೇರ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು ಹೇಳಿದರು: ಅವನು ಒಂದೇ ಮಾತು ಹೇಳುತ್ತಿದ್ದಾನೆ, ತೊಳೆಯಲು ತಂದಿದ್ದೆ ಅಂತ. ಯಾರು ಕೊಟ್ಟರು ಅಂದರೆ ಬಾಯಿ ಬಿಡುವುದಿಲ್ಲ. ಶಿವದೇವಮ್ಮನವರೇ, ನಿಮಗೇನಾದರೂ ಗೊತ್ತೇ?

ಅಡುಗೆಮನೆಯಿಂದ ಅಜ್ಜಿ, ಕುಕ್ಕರ್ ಕೂಗುತ್ತಿದೆ, ಏನೂ ಕೇಳಿಸುತ್ತಿಲ್ಲ ಅಂದಳು. ಒಲೆಯ ಮೇಲೆ ಕುಕ್ಕರ್ ಇರಲಿಲ್ಲ.

ಅವರು ಹೋದ ಮೇಲೆ ನೀರು ಕುಡಿಯಲು ಒಳಗೆ ಹೋದೆ. ಮಾರ್ಚ್ ಬಂದರೆ ಅಜ್ಜಿ ಹಿತ್ತಾಳೆ ತೊಳೆಯುವ ಹುಣಸೆಹಣ್ಣು ನೆನೆಹಾಕಲು ದೊಡ್ಡ ಜಾಡಿ ಇಳಿಸುತ್ತಾಳೆ. ಈ ವರ್ಷ ಜಾಡಿ ಅಟ್ಟದಿಂದ ಇಳಿದಿಲ್ಲ. ಅಜ್ಜಿ ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಆ ಸೀರೆಯ ತುಂಡಿನ ಬಣ್ಣ ಯಾವುದಿತ್ತೆಂದು ಯಾರನ್ನೂ ಕೇಳಿಲ್ಲ. ಕೇಳಬೇಕಿಲ್ಲ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಚಹಾ ಕುಡಿಯುತ್ತ ನಾನೇ ಶುರುಮಾಡಿದೆ. ಅಜ್ಜಿ, ಒಂದು ಮಾತು, ಅಂದೆ. ಅವಳೂ ಅದೇ ಹೊತ್ತಿಗೆ, ಯಪ್ಪಾ ಒಂದು ಮಾತು, ಅಂದಳು. ನೀ ಮೊದಲು, ನೀ ಮೊದಲು ಎಂದು ಲಖನೌ ನವಾಬರಂತೆ ಚಹಾ ಆರಿಸಿದೆವು.

ಕೊನೆಗೆ ಅವಳೇ ಹೇಳಿದಳು. ಸಂಕ್ರಾಂತಿಯಿಂದ ಬಲಗೈ ಮಡಚಲು ಬರುತ್ತಿಲ್ಲ. ಹೇಳಿದರೆ ಸ್ತ್ರೀಸಮಾಜದವರು, ಪಾಪ ಮುದುಕಿ ಅಂತ ಹಿತ್ತಾಳೆ ಕೆಲಸವನ್ನು ರೇಣುಕಾಗೆ ಕೊಡುತ್ತಾರೆ. ರೇಣುಕಾ ಪೌಡರ್ ಹಾಕಿ ತಿಕ್ಕುತ್ತಾಳೆ, ಹಿತ್ತಾಳೆ ಕೆಡುತ್ತದೆ. ಅದಕ್ಕೆ ವಿಠಲನಿಗೆ ಗುಟ್ಟಾಗಿ ಕೊಟ್ಟಿದ್ದಳು. ತನ್ನದೇ ಹಳೆಯ ಸೀರೆಯಲ್ಲಿ ಸುತ್ತಿ. ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡು.

"ಗಂಟಿ ಯಾರು ಕದ್ದರೋ ಏನೋ," ಅಂದಳು. "ಅವನೇ ಕದ್ದಿದ್ದರ ನನ್ನ ಮಾತಿಂದ ಏನೂ ಆಗಂಗಿಲ್ಲ ಅಂತ ಸುಮ್ನ ಕುಂತೆ."

ನಾನು ಬರೆದ ವಾಕ್ಯವನ್ನೇ ಅಜ್ಜಿ ಓದಿ ಹೇಳಿದ ಹಾಗಾಯಿತು. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಅನ್ನ ಉಂಡು, ಇಬ್ಬರೂ ಇನ್ನೊಂದು ವಸ್ತುವಿನ ಕಳ್ಳ ಅವನೇ ಎಂದುಕೊಂಡು ವಾರ ಕಳೆದಿದ್ದೇವೆ. ನಾನು ಒಳಗೆ ಹೋಗಿ ಪತ್ರ ತಂದು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲು ಕೈ ಏಳುವುದಿಲ್ಲ ಎಂದು ನೆನಪಾಯಿತು.

ಮಾರ್ಚ್ 30, ಭಾನುವಾರ

ಯುಗಾದಿ. ಪಕ್ಕದ ಮನೆಯವರು ಬೆಳಿಗ್ಗೆಯೇ ಬೇವು-ಬೆಲ್ಲದ ಪಚ್ಚಡಿ ಕೊಟ್ಟರು, ಕುಡಿದು ಹೊರಟೆವು.

ಸಾಕ್ಷಿಯ ಹೊತ್ತಿಗೆ ಅಜ್ಜಿ ಎದ್ದಳು. ನಿಂತಲ್ಲಿಂದಲೇ ಕೈ ಮುಂದೆ ಚಾಚಿ, ಇದು ಬಗ್ಗುವುದಿಲ್ಲ, ಸ್ತಂಭಗಳನ್ನು ನಾನೇ ಕೊಟ್ಟಿದ್ದೆ, ಹೇಳಲು ನಾಚಿಕೆಯಾಗಿ ಒಬ್ಬನನ್ನು ಜೈಲಿಗೆ ಬಿಟ್ಟೆ ಅಂದಳು. ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ. ಆಮೇಲೆ ನಾನು ಹಾರ್ಮೋನಿಯಂ ಪೆಟ್ಟಿಗೆ ತೆರೆದು ಗಂಟೆ ತೆಗೆದು ಆಲ್ಟರಿನ ಮೆಟ್ಟಿಲ ಮೇಲಿಟ್ಟೆ. ಜೇಬಿಗೆ ಕೈ ಹಾಕಿದೆ. ಪತ್ರ ಓದಿದೆ.

'ನನ್ನ ನಾಲಿಗೆ ಸವೆದಿದೆ' ಎಂಬಲ್ಲಿ ಯಾರೋ ಕಿಸಕ್ಕೆಂದರು. 'ಅರಣ್ಯಕ್ಕೆ ಹೋಗಿ ಉಪವಾಸ' ಎಂಬಲ್ಲಿ ಇಡೀ ಸಭೆ ನಕ್ಕಿತು. ರೇಣುಕಾ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಮರೇಶಪ್ಪನವರೂ ನಕ್ಕರು. ನನ್ನ ಯಾವ ತಮಾಷೆಗೂ ಜನ ಇಷ್ಟು ನಕ್ಕಿರಲಿಲ್ಲ. 'ಯಾರ ಮೇಲೂ ಅನುಮಾನ ಪಡಬೇಡಿರಿ' ಎಂಬುದನ್ನು ಓದಿದ್ದು ಬಹುಶಃ ಯಾರಿಗೂ ಕೇಳಿಸಲಿಲ್ಲ.

ನಾನು ಪತ್ರ ಮಡಚಿ, ನನ್ನನ್ನು ಠಾಣೆಗೆ ಕರೆದುಕೊಂಡು ಹೋಗಿ ಅಂದೆ.

"ಏ ಹುಚ್ಚಾ," ಅಂದರು ಅಮರೇಶಪ್ಪನವರು, ಇನ್ನೂ ನಗುತ್ತಲೇ. "ಹುಡುಗಾಟ ಇದು. ನೀ ನಮ್ಮ ಹುಡುಗ ಅಲ್ಲೇನು? ಎರಡು ಬಾರಿಸಿ ಬಿಡೂದು, ಮುಗೀತು."

ಪಾಸ್ಟರಮ್ಮ ನಕ್ಕಿರಲಿಲ್ಲ. ಪೀಠದಿಂದ ಕೆಳಗಿಳಿದು ಬಂದರು.

"ನಮ್ಮ ಹುಡುಗರಿಗೆ ಜೈಲು ಬೇಡ ಅಂತ ನಾವೆಲ್ಲ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದೇವೆ. ಯಾರೂ ಪ್ರಸಂಗ ಮಾಡಬೇಕಾಗಿಯೂ ಬರಲಿಲ್ಲ," ಅಂದರು. "ವಿಠಲ ಯಾರ ಹುಡುಗ?"

ಗಂಟೆ ಮೆಟ್ಟಿಲ ಮೇಲೇ ಇತ್ತು. ಯಾರೂ ಬಾರಿಸಲಿಲ್ಲ. ಒಂಬತ್ತೂ ಹತ್ತಕ್ಕೆ ತೆಲುಗು ಸಭೆಯವರು ಬಾಗಿಲು ತಟ್ಟಿದರು.

ಏಪ್ರಿಲ್ 1, ಮಂಗಳವಾರ

ನನ್ನ ಪಾಲಿನ ಮಹಾಹಬ್ಬ. ಯಾರನ್ನೂ ಫೂಲ್ ಮಾಡಲಿಲ್ಲ.

ಅಮರೇಶಪ್ಪನವರ ಜೊತೆ ಠಾಣೆಗೆ ಹೋಗಿದ್ದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಪತ್ರದಲ್ಲಿ ಏನಿದೆ ಎಂದು ಎಸ್.ಐ. ಕೇಳಿದರು, ತೆಲುಗಿನಲ್ಲಿ ಹೇಳಿದೆ, ಅವರೂ ನಕ್ಕು ಚಹಾ ತರಿಸಿದರು. ಓದುವ ಹುಡುಗ, ಕೇಸು ಗೀಸು ಏಕೆ, ಅಂದರು. ವಿಠಲ ಕಾಕಾನ ಬಗ್ಗೆ ಕೇಳಿದರೆ, ಈಗ ಅದು ಕೋರ್ಟಿನ ಕೈಯಲ್ಲಿದೆ. ನಿನ್ನೆ ರಂಜಾನ್, ಇವತ್ತೂ ರಜೆ. ಅರ್ಜಿ ಹಾಕಬೇಕು, ವಕೀಲರು ಬೇಕು, ಜಾಮೀನು ಬೇಕು.

ಒಳಗೆ ಹಾಕಲು ನಾಲ್ಕು ಸಾಲು ಸಾಕಾಗಿತ್ತು. ಹೊರಬರುವಾಗ ಅಮರೇಶಪ್ಪನವರು ಬಿಸಿಲಿನಲ್ಲಿ ಸ್ಕೂಟರಿನ ಕೀ ಹಿಡಿದು ನಿಂತೇ ಇದ್ದರು. ಸುಮ್ನ ವಿಚಾರಿಸ್ರಿ ಅಂದಿದ್ದೆ ನಾ, ಅಂದರು. ನನಗೆ ಹೇಳಿದ್ದಲ್ಲ ಅನ್ನಿಸಿತು.

ಏಪ್ರಿಲ್ 4, ಶುಕ್ರವಾರ

ಮುಲಾಕಾತಿಗೆ ಹೋಗಿಬಂದೆ. ಪಾಸ್ಟರಮ್ಮ ಬರುತ್ತೇನೆ ಅಂದರು. ಬೇಡ ಅಂದೆ. ಕುಷಾಯಿಗೂಡದವರೆಗೆ ಬಸ್ಸು, ಅಲ್ಲಿಂದ ಶೇರ್ ಆಟೋ. ಆಧಾರ್ ತೋರಿಸಿ, ಫೋನು ಕೊಟ್ಟು, ಬೆಂಚಿನ ಮೇಲೆ ಕಾದೆ. ಪಕ್ಕದಲ್ಲೊಬ್ಬಳು ಹೊಸ ಸೀರೆ ಉಟ್ಟು, ಹೂ ಮುಡಿದು ಕೂತಿದ್ದಳು. ಮದುವೆಗೆ ಹೋಗುವವಳ ಹಾಗೆ.

ನಡುವೆ ಗಾಜು. ಆಚೆಗೊಂದು ಈಚೆಗೊಂದು ಫೋನು. ವಿಠಲ ಕಾಕಾ ನನ್ನನ್ನು ನೋಡಿ ಮೊದಲು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಬಂದಿರಬೇಕು ಎಂದು. ಬರುವ ದಾರಿಯಲ್ಲಿ ನಾನು ಒಂದು ಭಾಷಣ ಸಿದ್ಧ ಮಾಡಿದ್ದೆ. ಅದರಲ್ಲಿ ಒಂದೆರಡು ಒಳ್ಳೆಯ ವಾಕ್ಯಗಳೂ ಇದ್ದವು. ಫೋನು ಕಿವಿಗೆ ಹಿಡಿದ ಕೂಡಲೇ, ಗಂಟೆ ತೆಗೆದವನು ನಾನು ಕಾಕಾ ಅಂದುಬಿಟ್ಟೆ. ಎಲ್ಲಿಟ್ಟಿದ್ದೆ, ಏಕೆ, ಎಷ್ಟು ದಿನ ಸುಮ್ಮನಿದ್ದೆ, ಎಲ್ಲ ಹೇಳಿದೆ. ಅವನು ಕೇಳಿಸಿಕೊಳ್ಳುತ್ತಲೇ ಇದ್ದ.

"ಆ ಪೆಟಗಿ ಪ್ರತಿ ಶನಿವಾರ ನಾನೇ ಒರಸ್ತಿದ್ದೆ," ಅಂದ. "ಮುಚ್ಚಳ ಎತ್ತಿದ್ದರ ಆಗ್ತಿತ್ತು."

ಅಜ್ಜಿಯ ಹೆಸರು ಏಕೆ ಹೇಳಲಿಲ್ಲ ಎಂದು ಕೇಳಿದೆ. ಮಾತು ಕೊಟ್ಟಿದ್ದೆ, ಅಂದ. ಅದು ತೀರಾ ಸಾಮಾನ್ಯ ಸಂಗತಿ ಎಂಬ ಹಾಗೆ. ಆಮೇಲೆ ಗಾಜಿನ ಹತ್ತಿರ ಬಂದ.

"ಮೊದಲ್ನೇ ದಿನ ಗಿಂತಿಗೆ ನಿಂದ್ರಸಿದ್ರು ತಮ್ಮಾ. ತಲಿ ಎಣಸ್ತಾರ, ದಿನಾ. ಹಳೇ ವಾರ್ಡರ್ ಒಬ್ಬ ನನ್ನ ಹೆಸರು ಹಿಡಿದು ಕರದ. ಮನಿಗೆ ಬಂದಂಗಾತು. ಅದಕ್ಕ ಅಂಜಿದೆ ನೋಡು, ಬ್ಯಾರೆ ಯಾವುದಕ್ಕೂ ಅಂಜಲಿಲ್ಲ."

ಕ್ಷಮಿಸು ಅನ್ನಬೇಕಿತ್ತು. ಬಾಯಿ ತೆರೆದೆ. ಹಿಂದಿನ ಗೋಡೆಯಲ್ಲೆಲ್ಲೋ ಗಂಟೆ ಬಾರಿಸಿತು. ಫೋನು ಸತ್ತಿತು. ಅವನು ಗಾಜಿನಾಚೆ ಏನೋ ಕೇಳಿದ. ಕೈಯನ್ನು ನೀರು ಚಿಮುಕಿಸುವಂತೆ ಮಾಡಿದ. ಅವನ ಕೋಣೆಯ ಮುಂದಿನ ಕರಿಬೇವಿನ ಗಿಡ. ಹಾಕುತ್ತೇನೆ ಎಂದು ತಲೆಯಾಡಿಸಿದೆ. ಸಂಜೆ ಹೋಗಿ ಹಾಕಿದೆ. ಅರ್ಧ ಒಣಗಿದೆ.

ಏಪ್ರಿಲ್ 9, ಬುಧವಾರ

ಜಾಮೀನು ಸಿಕ್ಕಿತು. ಕೇಸು ಪೂರ್ತಿ ಮುಚ್ಚಲು ಲೋಕ ಅದಾಲತ್ತಿನವರೆಗೆ ಕಾಯಬೇಕಂತೆ. ಹದಿನೆಂಟು ದಿನ.

ಗೇಟಿನ ಹತ್ತಿರ ನಾನು, ಪಾಸ್ಟರಮ್ಮ, ಡಬ್ಬಿಯಲ್ಲಿ ಜೋಳದ ರೊಟ್ಟಿ ಹಿಡಿದ ಅಜ್ಜಿ. ವಿಠಲ ಕಾಕಾ ಅಜ್ಜಿಯ ಕಾಲು ಮುಟ್ಟಲು ಬಗ್ಗಿದ. ಅವಳು ಹಿಂದೆ ಸರಿದು, ಮುಟ್ಟಬ್ಯಾಡ ನನ್ನ ಕಾಲ, ಅಂದಳು. ಆಟೋದಲ್ಲಿ ನನ್ನ ಕಡೆ ಅವನು ನೋಡಲಿಲ್ಲ. ಅಂದು ಗಾಜಿನಾಚೆ ಇದ್ದವನೇ ಹತ್ತಿರವಿದ್ದ ಅನ್ನಿಸಿತು.

ಕೋಣೆಯ ಮುಂದೆ ಅಮರೇಶಪ್ಪನವರು ನೆಲದ ಮೇಲೆ ಕೂತು, ಸ್ಕ್ರೂಡ್ರೈವರ್ ಹಿಡಿದು, ಪೊಲೀಸರು ಒಡೆದ ಚಿಲಕ ಕೂರಿಸುತ್ತಿದ್ದರು. ಎದ್ದು ನಿಂತರು. ಚಿಲಕವನ್ನು ಎರಡು ಸಲ ಹಾಕಿ ತೆಗೆದು ತೋರಿಸಿದರು.

"ಒಳಗಿಂದ ಹಾಕೂ ಚಿಲಕರಿ ಇದು," ಅಂದರು. ಮೊದಲ ಸಲ ಅವನಿಗೆ 'ರಿ' ಹಚ್ಚಿದ್ದು ಕೇಳಿದೆ. "ಹೊರಗಿಂದು ತೆಗೆದು ಒಗದೀನಿ."

ಏಪ್ರಿಲ್ 12, ಶನಿವಾರ

ನಾಳೆ ಗರಿಗಳ ಭಾನುವಾರ. ಕಾಂಪೌಂಡಿನ ನಲ್ಲಿಯ ಹತ್ತಿರ ಹಿತ್ತಾಳೆ ತೊಳೆದೆವು. ಅಜ್ಜಿ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವುದು, ವಿಠಲ ಕಾಕಾ ಸ್ತಂಭಗಳನ್ನು ತಿಕ್ಕುವುದು, ನಾನು ಗಂಟೆ. ಹುಣಸೆಹುಳಿ ಹಚ್ಚಿ ಹತ್ತು ನಿಮಿಷ ಬಿಡಬೇಕು, ಆಮೇಲೆ ಬೂದಿ. ಬೆರಳ ಸಂದಿಯ ಗಾಯಕ್ಕೆ ಹುಳಿ ತಾಗಿ ಉರಿಯುತ್ತಿತ್ತು. ಅಜ್ಜಿಗೆ ತೂಕಡಿಕೆ ಬಂದ ಮೇಲೆ, ಕಾಕಾ ಸ್ತಂಭದ ಮೇಲಿನ ಕಣ್ಣು ತೆಗೆಯದೆ ಕೇಳಿದ.

"ತಮ್ಮಾ, ಅವತ್ತು ಮುಲಾಕಾತಿಗೆ ಹೆಂಗ ಬಂದಿ?"

ಬಸ್ಸಿನಲ್ಲಿ, ಅಂದೆ.

"ಅದಲ್ಲ. ಹೆಂಗ ಬಂದಿ? ಕಾಲು ನಡಗಲಿಲ್ಲೇನು? ಮೊದಲ್ನೇ ಮಾತು ಹೆಂಗ ಬಂತು?"

ಆಮೇಲೆ ನಿಧಾನವಾಗಿ ಹೇಳಿದ. ಮಾಧಾಪುರದ ಕಡೆ ಕಟ್ಟಡದ ಕೆಲಸದಲ್ಲಿದ್ದಾಗ, ನೀರಿನ ಡ್ರಮ್ಮಿಗಾಗಿ ಆದ ಜಗಳ. ಇಬ್ಬರೂ ಕುಡಿದಿದ್ದರು. ಕೈಗೆ ಪೈಪು ಸಿಕ್ಕಿತು. ಸತ್ತವನು ಹುಲಿಗೆಪ್ಪ, ಅವನೂ ರಾಯಚೂರಿನವನೇ, ಕೆಲಸಕ್ಕೆ ಕರೆತಂದಿದ್ದೇ ಇವನು. ಕೋರ್ಟಿನಲ್ಲಿ ಪೈಪಿನ ಉದ್ದ ಕೇಳಿದರು, ದೀಪ ಎಷ್ಟು ದೂರವಿತ್ತು ಅಂತ ಕೇಳಿದರು. ಒಂಬತ್ತು ವರ್ಷ ಜೈಲಿನಲ್ಲಿ ತಲೆ ಎಣಿಸಿದರು. ಹುಲಿಗೆಪ್ಪನ ಬಗ್ಗೆ ಒಬ್ಬರೂ ಒಂದು ದಿನವೂ ಕೇಳಲಿಲ್ಲ. ಅವನ ತಾಯಿ ಬದುಕಿದ್ದಾಳೆ. ಹೊರಬಂದ ಮೇಲೆ ಎರಡು ಸಲ ಕಾಚಿಗೂಡ ಸ್ಟೇಷನ್ನಿನವರೆಗೆ ಹೋಗಿ, ಟಿಕೆಟಿನ ಸಾಲಿನಿಂದ ತಿರುಗಿ ಬಂದಿದ್ದಾನೆ.

"ಶಿಕ್ಷಾ ಮುಗೀತು ಅಂತ ಕಾಗದ ಕೊಟ್ಟಾರ ನನಗ," ಅಂದ. "ಏನು ಮುಗೀತೋ ಯಾರಿಗೆ ಗೊತ್ತು."

ಭಾಷಣ ಸಿದ್ಧ ಮಾಡಿಕೊಳ್ಳಬೇಡ ಕಾಕಾ, ಮೊದಲು ಹೆಸರು ಹೇಳಿಬಿಡು ಅಂದೆ. ಅಷ್ಟೇ ನನಗೆ ಗೊತ್ತಿರುವುದು.

ಅವನು ಸ್ತಂಭವನ್ನು ತೊಳೆದು ಬಿಸಿಲಿಗಿಟ್ಟ. ನೀ ನನಗೆ ಏನೋ ಮಾಡಬೇಕು ಅಂತ ಹಿಂದೆ ಮುಂದೆ ಸುತ್ತುತ್ತಿದ್ದೀಯಲ್ಲ, ಅಂದ. ಜೊತೆಗೆ ಬಾ. ಮಾತಾಡಬೇಡ. ಟಿಕೆಟಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿರು, ತಿರುಗದ ಹಾಗೆ.

ಏಪ್ರಿಲ್ 20, ಈಸ್ಟರ್

ಗಂಟೆ ಅಮರೇಶಪ್ಪನವರ ಪಕ್ಕದಲ್ಲೇ ಇತ್ತು, ಫಳಫಳ. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ರೇಣುಕಾ ಆಂಟಿ ಹನ್ನೊಂದು ನಿಮಿಷ ತೆಗೆದುಕೊಂಡರು. ಯಜಮಾನರ ಹೊಟ್ಟೆಯೊಳಗೆ ಇದ್ದದ್ದು ಕಲ್ಲು. ಕಡಲೆಕಾಳಿನಷ್ಟು. ಯೇಸುವಿನ ಸಮಾಧಿಯ ಕಲ್ಲು ಉರುಳಿದ ಈಸ್ಟರಿನ ಬೆಳಿಗ್ಗೆಯೇ ಈ ಕಲ್ಲೂ ಉರುಳಿದ್ದಕ್ಕೆ ದೇವರಿಗೆ ಸ್ತೋತ್ರ.

ಏಪ್ರಿಲ್ 24, ಗುರುವಾರ, ರಾಯಚೂರು

ಕಾಚಿಗೂಡದ ಸಾಲಿನಲ್ಲಿ ಅವನು ಒಂದು ಸಲ ತಿರುಗಿದ. ನಾನಿದ್ದೆ. ಮತ್ತೆ ಮುಂದೆ ತಿರುಗಿದ. ರೈಲಿನಲ್ಲಿ ಕಿಟಕಿಯ ಸೀಟು ಕೊಟ್ಟರೂ ಕೂರಲಿಲ್ಲ. ಕೃಷ್ಣಾ ನದಿ ದಾಟುವವರೆಗೂ ಬಾಗಿಲ ಹತ್ತಿರ ನಿಂತಿದ್ದ.

ಹುಲಿಗೆಪ್ಪನ ಮನೆ ಒಂದೇ ಅಂಕಣದ್ದು. ಹೊರಗೆ ಬಂಡೆಗಲ್ಲಿನ ಕಟ್ಟೆ. ಬಾಗಿಲು ತೆರೆದಿತ್ತು. ಒಳಗೆ ಮುದುಕಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಯಾರು ಅಂದಳು. ನಾನು ಕಟ್ಟೆಯ ಮೇಲೆ ಕೂತೆ.

"ಯವ್ವಾ, ನಾ ವಿಠಲ," ಅಂದ.

ಮೊರದ ಸದ್ದು ನಿಂತಿತು. ಬೈಯುತ್ತಾಳೆ, ಜನರನ್ನು ಕೂಗುತ್ತಾಳೆ, ಏನನ್ನಾದರೂ ಎತ್ತಿ ಒಗೆಯುತ್ತಾಳೆ ಎಂದು ಕಾದೆ. ಅವಳಿಗೆ ಅದೆಲ್ಲಕ್ಕೂ ಹಕ್ಕಿತ್ತು.

"ನೀನೇ ಇದ್ದೆಲ್ಲ ಅವನ ಹತ್ರ," ಅಂದಳು. "ಕಡೀಕ ಏನರ ಅಂದನೇನು?"

ಕಾಕಾ ನಿಂತಿದ್ದವನು ಕೂತ ಸದ್ದಾಯಿತು.

ನಾನು ಎದ್ದೆ. ಸಂದಿಯ ತುದಿಯಲ್ಲಿ ಬೇವಿನ ಮರವಿತ್ತು. ಅವರ ದನಿ ಕೇಳಿಸದಷ್ಟು ದೂರ ಹೋಗಿ ಅದರ ಕೆಳಗೆ ನಿಂತೆ. ಕೈಯಲ್ಲಿ ವಾಚಿತ್ತು. ನೋಡಲಿಲ್ಲ.